ಮೊದಲ ಸಲ ಅಭ್ಯಂಗಕ್ಕೆ ಹೋಗುವಾಗ ಏನು ತಯಾರಿ ಬೇಕು?

ಪ್ರಶ್ನೆ: ಬೆನ್ನುನೋವಿಗೆ ಅಭ್ಯಂಗ, ಅಂದರೆ ಎಣ್ಣೆ ಮಸಾಜ್, ಮಾಡಿಸಿಕೊಳ್ಳಿ ಅಂತ ಆಯುರ್ವೇದ ಡಾಕ್ಟರು ಬರೆದುಕೊಟ್ಟಿದ್ದಾರೆ. ನನಗೆ ಇದೇ ಮೊದಲು. ಏನು ತಯಾರಿ ಮಾಡಿಕೊಳ್ಳಬೇಕು? ಕೇಳೋಕೆ ಸಂಕೋಚ, ಆದರೂ ಕೇಳ್ತೀನಿ: ಬಟ್ಟೆ ಪೂರ್ತಿ ತೆಗೀಬೇಕಾ?

ಉತ್ತರ: ಸಂಕೋಚದ ಪ್ರಶ್ನೆಯನ್ನೇ ಮೊದಲು ಮುಗಿಸೋಣ. ಮೈಗೆಲ್ಲ ಎಣ್ಣೆ ಹಚ್ಚುವುದರಿಂದ ಮೇಲಿನ ಬಟ್ಟೆ ತೆಗೆಯಲೇಬೇಕು. ಗಂಡಸರಿಗೆ ಸಾಮಾನ್ಯವಾಗಿ ಲಂಗೋಟಿ ಕೊಡುತ್ತಾರೆ, ಹೆಂಗಸರಿಗೆ ಬಳಸಿ ಬಿಸಾಡುವ ಒಳಉಡುಪು. ಅದು ಬೇಡ, ನನ್ನದೇ ಹಳೆಯ ಒಳಉಡುಪಿನಲ್ಲಿ ಇರುತ್ತೇನೆ ಅಂದರೂ ತಪ್ಪಿಲ್ಲ. ಎಣ್ಣೆ ಕಲೆ ಆಗುತ್ತೆ, ಅಷ್ಟೇ. ಆಯುರ್ವೇದ ಆಸ್ಪತ್ರೆಗಳಲ್ಲಿ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರೇ ಎಣ್ಣೆ ಹಚ್ಚುವುದು ರೂಢಿ. ಆದರೂ ಫೋನ್ ಮಾಡಿ ಸಮಯ ಗೊತ್ತು ಮಾಡುವಾಗಲೇ ಇದನ್ನು ಕೇಳಿಬಿಡಿ. ಕೆಲವು ಕಡೆ ಇಬ್ಬರು ಎರಡು ಬದಿ ನಿಂತು ಒಟ್ಟಿಗೆ ತಿಕ್ಕುತ್ತಾರೆ, ನೋಡಿ ಗಾಬರಿಯಾಗಬೇಡಿ.

ಊಟ ಮಾಡಿದ ಕೂಡಲೇ ಹೋಗಬೇಡಿ, ಎರಡು ಗಂಟೆಯಾದರೂ ಬಿಡಿ. ಅಜೀರ್ಣ ಇದ್ದವರಿಗೆ ಅಭ್ಯಂಗ ಸಲ್ಲದು ಅಂತ ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗ ಹೃದಯದಲ್ಲೇ ಇದೆ. ಹಾಗಂತ ಬೆಳಗಿನಿಂದ ಉಪವಾಸ ಇದ್ದು ಹೋದರೆ, ಎಣ್ಣೆ ಹಚ್ಚಿದ ಮೇಲೆ ಮೈಗೆ ಹಬೆ ಕೊಡುವಾಗ ತಲೆ ಸುತ್ತಬಹುದು. ಎರಡು ಇಡ್ಲಿ ತಿಂದು, ಅರಗಿದ ಮೇಲೆ ಹೊರಟರೆ ಸರಿ. ಅವತ್ತು ಶೇವಿಂಗ್, ವ್ಯಾಕ್ಸಿಂಗ್ ಬೇಡ, ಎಣ್ಣೆ ತಾಗಿದರೆ ಉರಿಯುತ್ತದೆ. ಸರ, ಉಂಗುರ, ಕೈಗಡಿಯಾರ ಮನೆಯಲ್ಲೇ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ.

ನಿಜವಾದ ತಯಾರಿ ಇರುವುದು ಬಾಯಲ್ಲಿ. ಎಣ್ಣೆ ಹಚ್ಚುವವರು ಚೀಟಿ ನೋಡಿ ಕೆಲಸ ಶುರು ಮಾಡುತ್ತಾರೆ, ನಿಮ್ಮ ಕಥೆ ಅವರಿಗೆ ಗೊತ್ತಿರುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದೀರಾ? ಜೋರಾಗಿ ಒತ್ತಿದರೆ ಚರ್ಮದಡಿ ರಕ್ತ ಕಟ್ಟಿ ನೀಲಿಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿದೆಯಾ? ಎಣ್ಣೆ ಎಷ್ಟು ಬಿಸಿ ಇದೆ ಅಂತ ನಿಮಗೇ ತಿಳಿಯದೆ ಸುಟ್ಟುಕೊಳ್ಳಬಹುದು. ಈ ಎಣ್ಣೆಗಳಲ್ಲಿ ಹೆಚ್ಚಿನವಕ್ಕೆ ಎಳ್ಳೆಣ್ಣೆಯೇ ಆಧಾರ, ಹಾಗಾಗಿ ಎಳ್ಳು ಆಗದವರು ಮೊದಲೇ ಹೇಳಬೇಕು. ಬಸುರಿ, ಬಿಪಿ, ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಯಾವುದನ್ನೂ ಮುಚ್ಚಿಡಬೇಡಿ. ಜ್ವರ ಬಂದರೆ ಅಂದಿನದನ್ನು ಮುಂದೂಡಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ಮಾತ್ರ ಅಭ್ಯಂಗದ ಮಾತೇ ಬೇಡ, ಸೀದಾ ಆಸ್ಪತ್ರೆಗೆ ಹೋಗಿ ತೋರಿಸಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಒಳಗೆ ಹೋದ ಮೇಲೆ ಏನಾಗುತ್ತದೆ? ಅಂಚು ಎತ್ತರಿಸಿದ ಮರದ ಮಂಚ ಇರುತ್ತದೆ, ಅದೇ ದ್ರೋಣಿ. ಮೊದಲು ಕೂರಿಸಿ ನೆತ್ತಿಗೆ, ಭುಜಕ್ಕೆ ಎಣ್ಣೆ ಇಡುತ್ತಾರೆ. ಆಮೇಲೆ ಅಂಗಾತ, ಮಗ್ಗುಲು, ಬೋರಲು ಹೀಗೆ ಮಲಗಿಸುತ್ತಾ ಹೋಗುತ್ತಾರೆ. ಕೈಕಾಲಿಗೆ ಉದ್ದುದ್ದ ನೀವಿದರೆ, ಮಂಡಿ, ಭುಜದ ಕೀಲುಗಳಿಗೆ ಸುತ್ತಲೂ ತಿಕ್ಕುತ್ತಾರೆ. ಎಣ್ಣೆಯ ಮೈ ಮರದ ಮೇಲೆ ಭಾರಿ ಜಾರುತ್ತದೆ, ತಿರುಗುವಾಗ ಅವಸರ ಬೇಡ. ಆಮೇಲೆ ಹಬೆ ಪೆಟ್ಟಿಗೆ, ತಲೆ ಮಾತ್ರ ಹೊರಗೆ. ಉಸಿರು ಕಟ್ಟಿದಂತಾದರೆ, ಎದೆ ಹೊಡೆದುಕೊಂಡರೆ ಸಾಕು ಅನ್ನಿ, ತೆಗೆಯುತ್ತಾರೆ.

ನಮ್ಮಲ್ಲಿ ಒಂದು ಚಾಳಿ ಇದೆ. ನೋವಾದಷ್ಟೂ ಒಳ್ಳೇದು ಅಂದುಕೊಂಡು ಹಲ್ಲು ಕಚ್ಚಿ ಸುಮ್ನೆ ಮಲಗಿರುತ್ತೇವೆ. ಬೇಡ ರೀ. ‘ಅಣ್ಣಾ, ಸ್ವಲ್ಪ ಮೆತ್ತಗೆ’, ‘ಅಕ್ಕಾ, ಇಲ್ಲಿ ಮುಟ್ಟಬೇಡಿ’ ಅನ್ನೋಕೆ ಏನು ನಾಚಿಕೆ? ಅವರಿಗೂ ಅದರಿಂದ ಅನುಕೂಲವೇ. ಕುತ್ತಿಗೆಯನ್ನು ಲಟಕ್ ಅಂತ ತಿರುಗಿಸಲು ಮಾತ್ರ ಯಾರಿಗೂ ಬಿಡಬೇಡಿ. ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಆದಮೇಲೆ ಮಾಡ್ತಾರಲ್ಲ, ಅದಕ್ಕೂ ಬಿಡಬೇಡಿ. ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದಿದೆ.

ಸ್ನಾನಕ್ಕೆ ಕಡಲೆಹಿಟ್ಟೋ ಹೆಸರುಹಿಟ್ಟೋ ಕೊಡುತ್ತಾರೆ, ಆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಬಚ್ಚಲಲ್ಲಿ ಗೋಡೆ ಹಿಡಿದು ನಡೆಯಿರಿ. ಹಳೆಯ ಸಡಿಲ ಬಟ್ಟೆ, ಹಳೆಯ ಟವೆಲ್ ಒಯ್ಯಿರಿ. ಮುಗಿದ ಕೂಡಲೇ ಎದ್ದು ಹೊರಡದೆ ಸ್ವಲ್ಪ ಹೊತ್ತು ಕೂತು ನೀರು ಕುಡಿಯಿರಿ. ಆಗ ಮೈ ಮಂಪರಾಗಿರುತ್ತದೆ, ಸ್ಕೂಟರ್ ಬೇಡ, ಆಟೋದಲ್ಲಿ ಬನ್ನಿ. ಮಾರನೇ ದಿನ ಮೈ ಕೈ ಸ್ವಲ್ಪ ನೋಯುವುದು ಮಾಮೂಲು. ಬೆನ್ನುನೋವು ಕಾಲಿಗೆ ಇಳಿದರೆ, ಕಾಲಲ್ಲಿ ಶಕ್ತಿ ಕಮ್ಮಿಯಾದರೆ ಡಾಕ್ಟರಿಗೆ ಹೇಳಲೇಬೇಕು.

ದುಡ್ಡಿನ ವಿಚಾರ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಏಳು ದಿನದ ಪ್ಯಾಕೇಜ್ ಅಂತ ಕೌಂಟರಿನಲ್ಲಿ ಹೇಳಿದರೆ ಮೊದಲು ಒಂದು ದಿನದ್ದಕ್ಕೆ ಮಾತ್ರ ಕಟ್ಟಿ. ಅದು ನಿಮ್ಮ ಮೈಗೆ ಒಗ್ಗಿತೋ ಇಲ್ಲವೋ ನೋಡಿಕೊಂಡು ಮಿಕ್ಕಿದ್ದಕ್ಕೆ ಕಟ್ಟಿದರಾಯಿತು.