ಬಿರುಕು ನೀರು ಕುಡಿದು ಬೆಳೆಯುತ್ತದೆ

ಯಾರ ಕಣ್ಣೂ ಬಿದ್ದಿಲ್ಲ ಮಾರಾಯ್ರೆ. ನಿನ್ನೆ ಸಂಜೆ ಕಾರಿನ ಮುಂದಿನ ಗ್ಲಾಸಿನಲ್ಲಿ ಕಾಳುಮೆಣಸಿನಷ್ಟು ಒಂದು ಚುಕ್ಕೆ ಇತ್ತು. ಬೆಳಿಗ್ಗೆ ನೋಡಿದರೆ ಅಲ್ಲಿಂದ ಗೇಣುದ್ದದ ಗೆರೆ ಹೊರಟಿದೆ. ಗಾಡಿ ಅಂಗಳ ಬಿಟ್ಟು ಕದಲಿಲ್ಲ, ಯಾರೂ ಮುಟ್ಟಿಲ್ಲ. ಉಡುಪಿ, ಮಂಗಳೂರು ಕಡೆ ಇದಕ್ಕೆ ಥಟ್ಟನೆ ಸಿಗುವ ವಿವರಣೆ ಒಂದೇ: ದೃಷ್ಟಿ ಆಗಿದೆ. ಹೊಸ ಗಾಡಿಯಾದರೆ ಕೇಳುವುದೇ ಬೇಡ. ಲಿಂಬೆ, ಮೆಣಸು, ತೆಂಗಿನಕಾಯಿ ಎಲ್ಲ ಬರುತ್ತವೆ.

ದೃಷ್ಟಿ ತೆಗೆಯಿರಿ, ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅದರ ನಂತರದ ಮಾತಿಗೆ. "ಅಮಾಸೆ ಕಳೆಯಲಿ, ಒಳ್ಳೆ ದಿನ ನೋಡಿ ಗ್ಯಾರೇಜಿಗೆ ಕೊಂಡುಹೋಗುವ" ಅನ್ನುತ್ತಾರಲ್ಲ, ಅದಕ್ಕೆ. ಚುಕ್ಕೆ ಇದ್ದಾಗ ಹೋಗಿದ್ದರೆ ಅರ್ಧ ಗಂಟೆಯ ರಿಪೇರಿಯಲ್ಲಿ ಮುಗಿಯುತ್ತಿತ್ತು. ಗೆರೆ ಅಂಚು ಮುಟ್ಟಿದ ಮೇಲೆ ಇಡೀ ಗ್ಲಾಸೇ ಹೋಗಬೇಕು. ರಿಪೇರಿಯೋ ಹೊಸ ಗ್ಲಾಸೋ ಎಂಬುದನ್ನು ನಾವು ನಿರ್ಧರಿಸುವ ಮೊದಲೇ ಗಾಳಿಯಲ್ಲಿರುವ ನೀರು ನಿರ್ಧರಿಸಲು ಶುರುಮಾಡಿರುತ್ತದೆ. ಅದು ಹೇಗೆ ಅನ್ನುವುದು ಬಹಳ ಮಜವಾದ ವಿಷಯ.

ಮೊದಲು ಆ ಚುಕ್ಕೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಹೋದವರಿಗೆ ಅದು ಎಲ್ಲಿಂದ ಬರುತ್ತದೆಂದು ಹೇಳಬೇಕಿಲ್ಲ. ಕಲ್ಲು ಹಾರಿ ಬಂದು ಹೊಡೆಯಿತು ಎನ್ನುತ್ತೇವೆ. ನಿಜವಾಗಿ ಬಹಳ ಸಲ ಕಲ್ಲು ರಸ್ತೆಯಿಂದ ಪುಟಿದು ಗಾಳಿಯಲ್ಲಿ ನಿಧಾನವಾಗಿರುತ್ತದೆ. ನಾವೇ ಹೋಗಿ ಅದಕ್ಕೆ ಗುದ್ದುತ್ತೇವೆ. 5 ಗ್ರಾಂ ತೂಕದ ಜಲ್ಲಿಚೂರಿಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಗುದ್ದಿದರೆ ಸುಮಾರು 2 ಜೌಲ್ ಶಕ್ತಿಯ ಏಟು. 60ರಲ್ಲಿ ಗುದ್ದಿದರೆ ಅದರ ಮೂರನೇ ಒಂದು ಪಾಲಿಗಿಂತ ತುಸು ಜಾಸ್ತಿ, ಅಷ್ಟೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಟಿಪ್ಪರಿನಿಂದ ದೂರ ಇರುವುದರ ಜೊತೆಗೆ ವೇಗ ಇಳಿಸುವುದೂ ಲಾಭವೇ.

ಏಟು ಬಿದ್ದ ಜಾಗವನ್ನು ಹತ್ತಿರದಿಂದ ನೋಡಿ. ಒಳ್ಳೆ ದುಂಡಗಿನ ಗುರುತಾದರೆ ಅದು ಒಂದು ಶಂಕು. ಮೇಲೆ ಕಿರಿದು, ಒಳಗೆ ಹೋಗುತ್ತಾ ಅಗಲ. ಜರ್ಮನಿಯ ಹೈನ್ರಿಖ್ ಹರ್ಟ್ಜ್ 1880ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದ. ಹೌದು, ರೇಡಿಯೋ ಅಲೆಗಳ ಹರ್ಟ್ಜ್. ಸಿ. ವಿ. ರಾಮನ್ ಕೂಡ ಇದರ ಹಿಂದೆ ಬಿದ್ದಿದ್ದರು. ಅವರ ಹೆಸರು ಕೇಳಿದರೆ ನಮಗೆ ಬೆಳಕಿನ ಚದುರುವಿಕೆ ಮಾತ್ರ ನೆನಪಾಗುತ್ತದೆ. ಆದರೆ 1919ರಲ್ಲಿ, ಕೋಲ್ಕತ್ತದಲ್ಲಿದ್ದಾಗ, ಗಾಜಿನ ದಪ್ಪ ಹಲಗೆಗೆ ಗಟ್ಟಿ ಗೋಳವೊಂದು ಬಡಿದಾಗ ಮೂಡುವ ಗುರುತುಗಳ ಬಗ್ಗೆ ಅವರು ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ನಿಮ್ಮ ಕಾರಿನ ಮೇಲೆ ಟಿಪ್ಪರ್ ಪುಕ್ಕಟೆಯಾಗಿ ಮಾಡಿಕೊಟ್ಟ ಪ್ರಯೋಗವನ್ನು ರಾಮನ್ ಕಷ್ಟಪಟ್ಟು ಮಾಡಿದ್ದರು!

ಆ ಶಂಕು ಒಳಗಿನವರೆಗೆ ಹೋಗುವುದಿಲ್ಲ. ಮುಂದಿನ ಗ್ಲಾಸ್ ಅಂದರೆ ಎರಡು ಗಾಜುಗಳು, ತಲಾ ಸುಮಾರು 2 ಮಿಲಿಮೀಟರ್ ದಪ್ಪ. ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ 0.76 ಮಿಲಿಮೀಟರ್ ದಪ್ಪದ ಮೆತ್ತನೆ ಹಾಳೆ. ಶಂಕು ಆ ಹಾಳೆಗೆ ಬಂದು ನಿಲ್ಲುತ್ತದೆ. ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞನ ಕೈತಪ್ಪಿನಿಂದ ಈ ಉಪಾಯ ಹುಟ್ಟಿತು ಎಂಬ ಕತೆ ಇದೆ. 1903ರಲ್ಲಿ ಅವನ ಒಂದು ಫ್ಲಾಸ್ಕ್ ಕೆಳಗೆ ಬಿತ್ತು. ಒಡೆಯಿತು, ಆದರೆ ಚೂರುಗಳು ಚೆದರಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದುಕೊಂಡಿತ್ತು. 1909ರಲ್ಲಿ ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಕಾರಿನವರಿಗಿಂತ ಮೊದಲು ಸೈನ್ಯದವರಿಗೆ ಅದರ ಬೆಲೆ ತಿಳಿಯಿತು. ಮೊದಲ ಮಹಾಯುದ್ಧದ ವಿಷಾನಿಲ ಮುಖವಾಡಗಳ ಕಣ್ಣಿನ ಭಾಗಕ್ಕೆ ಅಂಥ ಗಾಜು ಹಾಕಿದರು. ಆ ಹಳೆ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. ಈಗಿನ ಹಾಳೆ ಬಂದದ್ದು 1930ರ ದಶಕದ ಕೊನೆಗೆ.

ಪಕ್ಕದ ಕಿಟಕಿಗಳ ಗ್ಲಾಸ್ ಸಾಮಾನ್ಯವಾಗಿ ಬೇರೆ ಜಾತಿ. ಬಿಸಿ ಮಾಡಿ ತಟ್ಟನೆ ತಣಿಸಿದ ಗಾಜು. ಒಡೆದರೆ ಪೂರ್ತಿ ಹರಳುಹರಳಾಗಿ ಉದುರುತ್ತದೆ. ಅಲ್ಲಿ ರಿಪೇರಿಯ ಮಾತೇ ಇಲ್ಲ.

ಈಗ ಮುಖ್ಯ ವಿಷಯ. ಗಾಜು ಬಲಹೀನ ವಸ್ತು ಅಂತ ನಾವೆಲ್ಲ ನಂಬಿದ್ದೇವೆ, ಅಲ್ವಾ? ಅಲ್ಲ. ಅದರ ಅಣುಗಳ ಬಂಧಗಳ ಲೆಕ್ಕ ಹಾಕಿದರೆ ಗಾಜು ಉಕ್ಕನ್ನು ನಾಚಿಸಬೇಕು. ನಮ್ಮ ಕೈಗೆ ಬರುವ ಗಾಜು ಆ ಲೆಕ್ಕದ ನೂರನೇ ಒಂದು ಪಾಲಿನಷ್ಟು ಎಳೆತಕ್ಕೇ ಮುರಿಯುತ್ತದೆ. ಈ ಒಗಟನ್ನು ಬಿಡಿಸಿದವನು ಎ. ಎ. ಗ್ರಿಫಿತ್. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಗಳ ಸಂಶೋಧನೆಯಲ್ಲಿದ್ದವನು. ಅವನ ಪ್ರಬಂಧ ಬಂದದ್ದು 1920ರ ದಶಕದ ಹೊಸ್ತಿಲಲ್ಲಿ. ಗಾಜನ್ನು ಎಳೆ ಮಾಡಿ ಮುರಿದು ನೋಡಿದ. ಎಳೆ ಸಪೂರವಾದಷ್ಟೂ ಬಲ ಹೆಚ್ಚಾಗುತ್ತಾ ಹೋಯಿತು, ಹತ್ತು ಪಟ್ಟಿಗಿಂತಲೂ ಜಾಸ್ತಿ. ಯಾಕೆಂದರೆ ಸಪೂರ ಎಳೆಯಲ್ಲಿ ದೊಡ್ಡ ಬಿರುಕಿಗೆ ಜಾಗವೇ ಇಲ್ಲ. ಸಾಧಾರಣ ಗಾಜಿನ ಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳು ಎಷ್ಟೋ ಇರುತ್ತವೆ. ಗಾಜು ಸೋಲುವುದು ಅಲ್ಲಿ.

ಬಟ್ಟೆ ಅಂಗಡಿಯಲ್ಲಿ ನೋಡಿದ್ದೀರಿ. ಎರಡು ಮೀಟರ್ ಬಟ್ಟೆ ಬೇಕೆಂದರೆ ಪೂರ್ತಿ ಕತ್ತರಿಸುವುದಿಲ್ಲ. ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಸರ್ರೆಂದು ಹರಿಯುತ್ತಾರೆ. ಕಚ್ಚು ಇಲ್ಲದಿದ್ದರೆ ಪೈಲ್ವಾನನಿಗೂ ಆಗದು. ಕಚ್ಚು ಇದ್ದರೆ ಇಡೀ ಎಳೆತವೆಲ್ಲ ಅದರ ತುದಿಯ ಒಂದೆರಡು ನೂಲಿನ ಮೇಲೆ ಬೀಳುತ್ತದೆ. ಗಾಜಿನಲ್ಲೂ ಅಷ್ಟೆ. ಬಿರುಕಿನ ತುದಿ ಅಣುಗಳ ಅಳತೆಯಷ್ಟು ಚೂಪು. ಬಿರುಕು ನಾಲ್ಕು ಪಟ್ಟು ಉದ್ದವಾದರೆ ಅದನ್ನು ಮುಂದೆ ಹರಿಯಲು ಮೊದಲಿನ ಅರ್ಧದಷ್ಟು ಎಳೆತ ಸಾಕು. ಗ್ರಿಫಿತ್ತನ ಲೆಕ್ಕದ ತಿರುಳು ಇದು. ಬೆಳೆದಷ್ಟೂ ಬೆಳೆಯುವುದು ಸುಲಭ.

ಆದರೆ ಗ್ರಿಫಿತ್ತನ ಲೆಕ್ಕ ಒಂದನ್ನು ಬಿಡಿಸುವುದಿಲ್ಲ. ಅವನ ಪ್ರಕಾರ ಎಳೆತ ಸಾಕಾದರೆ ಬಿರುಕು ಓಡಬೇಕು, ಸಾಲದಿದ್ದರೆ ಸುಮ್ನೆ ನಿಲ್ಲಬೇಕು. ಓಡಿದರೆ ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗ. ಹಾಗಾದರೆ ರಾತ್ರಿಯಿಡೀ ತೆವಳುವ ಬಿರುಕು ಎಲ್ಲಿಂದ ಬಂತು?

ನೀರಿನಿಂದ. ಗಾಜಿನ ಒಳಗೆ ಸಿಲಿಕಾನ್, ಆಕ್ಸಿಜನ್, ಮತ್ತೆ ಸಿಲಿಕಾನ್ ಹೀಗೆ ಕೊಂಡಿಗಳಿವೆ. ಬಿರುಕಿನ ತುದಿಯಲ್ಲಿ ಈ ಕೊಂಡಿ ಎಳೆದು ಸೊರಗಿರುತ್ತದೆ. ಗಾಳಿಯಲ್ಲಿರುವ ನೀರಿನ ಒಂದು ಅಣು ಆ ಸಂದಿಗೆ ನುಗ್ಗುತ್ತದೆ. ಅದು ತೀರಾ ಚಿಕ್ಕದು, ಹಿಡಿಸುತ್ತದೆ. ಎಳೆದ ಕೊಂಡಿಯ ಜೊತೆ ವರ್ತಿಸಿ ಅದನ್ನು ತುಂಡು ಮಾಡುತ್ತದೆ. ತುಂಡಾದ ಎರಡೂ ತುದಿಗೆ ಒಂದೊಂದು ಹೈಡ್ರಾಕ್ಸಿಲ್, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿ, ಅಂಟಿಕೊಳ್ಳುತ್ತದೆ. ಹಾಗಾಗಿ ಮತ್ತೆ ಕೂಡುವ ಮಾತಿಲ್ಲ. ಈಗ ಭಾರ ಪಕ್ಕದ ಕೊಂಡಿಗೆ ಬಿತ್ತು. ಅದು ಸೊರಗಿತು. ಮುಂದಿನ ನೀರಿನ ಅಣು ಬಂತು. ಎಳೆತವಿಲ್ಲದೆ ನೀರೊಂದೇ ಈ ಕೆಲಸ ಮಾಡಲಾರದು. ಇಲ್ಲದಿದ್ದರೆ ಮನೆಯ ಲೋಟಗಳೆಲ್ಲ ಒಡೆಯಬೇಕಿತ್ತು. ನೀರಿಲ್ಲದೆ ಸಣ್ಣ ಎಳೆತವೂ ಮಾಡಲಾರದು. ಎರಡೂ ಸೇರಬೇಕು.

ಇದನ್ನು ಸರಿಯಾಗಿ ಅಳೆದು ತೋರಿಸಿದವರು ಅಮೆರಿಕದ ಶೆಲ್ಡನ್ ವೀಡರ್‌ಹಾರ್ನ್, 1967ರಲ್ಲಿ. ಬೇರೆ ಬೇರೆ ತೇವಾಂಶದ ಗಾಳಿಯಲ್ಲಿ ಗಾಜಿನ ಬಿರುಕು ಎಷ್ಟು ವೇಗದಲ್ಲಿ ತೆವಳುತ್ತದೆ ಎಂದು ನೋಡಿದರು. ಎಳೆತ ಅಷ್ಟೇ ಇಟ್ಟು ತೇವ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ. ಗಾಜು ಕತ್ತರಿಸುವ ಹಳೆಯ ಕೆಲಸಗಾರರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಗೀರಿದ ಗೆರೆ ಒದ್ದೆ ಇದ್ದರೆ ಗಾಜು ಸಲೀಸಾಗಿ ಮುರಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಎದುರು ಕೂತು ದಿಟ್ಟಿಸಿದರೂ ಚಲನೆ ಕಾಣದು. ಆದರೆ ದಿನಕ್ಕೆ 86,400 ಸೆಕೆಂಡು. ನಾಳೆ ಇದೇ ಹೊತ್ತಿಗೆ ಬಿರುಕು 8.6 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಇನ್ನು ನಮ್ಮ ಊರಿನ ಗಾಳಿ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ತೇವಾಂಶ ಶೇಕಡಾ 90ರ ಆಸುಪಾಸು. ಬಿರುಕಿಗೆ ಹಬ್ಬ. ದೃಷ್ಟಿ ಹಾಕುವ ನೆರೆಮನೆಯವರು ರಾಯಚೂರಿನ ಬೇಸಿಗೆಯಲ್ಲೂ ಇರಬಹುದು, ಆದರೆ ಅಲ್ಲಿಯ ಒಣಗಾಳಿಯಲ್ಲಿ ಇದೇ ಬಿರುಕು ಇದೇ ಎಳೆತಕ್ಕೆ ನಿಧಾನವಾಗಿ ತೆವಳುತ್ತದೆ.

ನಿಂತ ಗಾಡಿಯಲ್ಲಿ ಎಳೆತ ಎಲ್ಲಿಂದ? ಮುಖ್ಯವಾಗಿ ಬಿಸಿ-ತಂಪಿನ ವ್ಯತ್ಯಾಸದಿಂದ. ಒಂದು ಮೀಟರ್ ಗಾಜು 40 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಇಡೀ ಗ್ಲಾಸ್ ಒಟ್ಟಿಗೆ ಹಿಗ್ಗಿದರೆ ತೊಂದರೆ ಕಡಿಮೆ. ಒಂದು ಕಡೆ ಬಿಸಿ, ಒಂದು ಕಡೆ ತಂಪು ಆದಾಗ ಎಳೆದಾಟ. ಏಪ್ರಿಲ್ ಬಿಸಿಲಿಗೆ ಕಾದ ಗ್ಲಾಸಿಗೆ ಬಕೆಟ್ ತಣ್ಣೀರು ಎರಚುವುದು, ಬಂದ ಕೂಡಲೇ ಏಸಿಯನ್ನು ಪೂರ್ತಿ ಗ್ಲಾಸಿನ ಕಡೆ ತಿರುಗಿಸುವುದು, ಮಳೆಯಲ್ಲಿ ಮಂಜು ಹೋಗಲೆಂದು ಬಿಸಿಗಾಳಿ ಬಿಡುವುದು. ಗಾಯವಿಲ್ಲದ ಗ್ಲಾಸ್ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಗಾಯವಿದ್ದರೆ ಬೇಡ. ಅರ್ಧ ನೆರಳು, ಅರ್ಧ ಬಿಸಿಲಿನಲ್ಲಿ ನಿಲ್ಲಿಸುವುದೂ ಒಳ್ಳೆಯದಲ್ಲ. ತೆಂಗಿನಮರದ ನೆರಳು ಹುಡುಕಿದರೆ ಅಪಾಯ ಬೇರೆ. ಅಲ್ಲಿ ಕಾಯಿ ಬಿದ್ದರೆ ರಿಪೇರಿಯೋ ಹೊಸತೋ ಎಂದು ಯೋಚಿಸುವ ಕಷ್ಟ ಉಳಿಯುವುದಿಲ್ಲ.

ಇಷ್ಟು ತಿಳಿದರೆ ರಿಪೇರಿ ಏನು ಮಾಡುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಗಾಯದೊಳಗಿನ ಗಾಳಿ, ತೇವವನ್ನು ನಿರ್ವಾತದಿಂದ ಎಳೆದು ತೆಗೆಯುತ್ತಾರೆ. ಒತ್ತಡ ಕೊಟ್ಟು ತೆಳ್ಳನೆ ರಾಳ ತುಂಬುತ್ತಾರೆ. ಅತಿನೇರಳೆ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ನೀರಿನ ದಾರಿ ಮುಚ್ಚಿತು, ಬಿರುಕಿನ ಎರಡು ಮೈ ಅಂಟಿಕೊಂಡು ತುದಿಯ ಮೇಲಿನ ಎಳೆತ ಇಳಿಯಿತು. ಗುರುತು ಮಾಸುವುದು ಉಪಲಾಭ. ರಾಳ ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಗ್ಗಿಸುವುದರಿಂದ ಗೆರೆ ಮಸುಕಾಗುತ್ತದೆ, ಆದರೆ ಪೂರ್ತಿ ಮಾಯವಾಗುವುದಿಲ್ಲ. "ಗುರುತು ಕಾಣ್ತದೆ, ಮೋಸ ಮಾಡಿದ್ರು" ಎಂದು ಜಗಳಕ್ಕೆ ಹೋಗಬೇಡಿ. ಮಳೆಯಲ್ಲಿ ಗೆರೆ ತಾನಾಗಿ ಮಸುಕಾದರೆ ಖುಷಿಪಡಲೂ ಬೇಡಿ. ಒಳಗೆ ನೀರು ತುಂಬಿದೆ, ಅಷ್ಟೆ. ಅದೇ ಅದರ ಊಟ.

ಹಾಗಾಗಿ ಕಲ್ಲು ಬಿದ್ದ ದಿನವೇ ಒಣಬಟ್ಟೆಯಲ್ಲಿ ಒರೆಸಿ ಹೊರಗಿನಿಂದ ಪಾರದರ್ಶಕ ಟೇಪ್ ಅಂಟಿಸಿ. ನೇಲ್ ಪಾಲಿಶ್, ಫೆವಿಕ್ವಿಕ್ ಬೇಡ. ಅವು ಬಾಯಿ ಮಾತ್ರ ಮುಚ್ಚುತ್ತವೆ. ತುದಿಯವರೆಗೆ ಹೋಗುವ ರಾಳಕ್ಕೆ ದಾರಿ ಕಟ್ಟುತ್ತವೆ.

ಇನ್ನು ನಿರ್ಧಾರ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ದುಂಡಗಿನ ಗಾಯ ಅದರಡಿ ಮುಚ್ಚಿಹೋದರೆ, ಅಂಚಿನಿಂದ ದೂರವಿದ್ದರೆ, ರಿಪೇರಿಗೆ ಹೋಗಿ. ಒಳಗಿನಿಂದ ಉಗುರು ಎಳೆದು ನೋಡಿ. ಅಲ್ಲೂ ತಾಗಿದರೆ ಎರಡೂ ಗಾಜು ಹೋಗಿದೆ, ಬದಲಿಸಬೇಕು. ಅಂಚು ಮುಟ್ಟಿದ ಗೆರೆಯೂ ಬದಲಿಸುವಂಥದ್ದೇ. ಕಾರಿನ ಮೈ ತಿರುಚಿದಾಗಿನ ಎಳೆತವೆಲ್ಲ ಅಂಚಿಗೆ ಬರುತ್ತದೆ. ಚಾಲಕನ ಕಣ್ಣೆದುರಿನ ಗಾಯಕ್ಕೆ ನಾನು ರಿಪೇರಿ ಹೇಳುವುದಿಲ್ಲ. ರಾಳದ ಗುರುತಿಗೆ ರಾತ್ರಿ ಎದುರಿನ ಬಸ್ಸಿನ ಲೈಟ್ ಬಿದ್ದರೆ ಚದುರುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯ ಅಳತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟೀರಿಂಗ್ ನೇರಕ್ಕೆ 290 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ 10 ಮಿಲಿಮೀಟರಿಗಿಂತ ದೊಡ್ಡ ಗಾಯ ಇರಕೂಡದು. ವೈಪರ್ ಒರೆಸುವ ಉಳಿದ ಜಾಗದಲ್ಲಿ 40ರವರೆಗೆ ಬಿಡುತ್ತಾರೆ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ವಿಮೆಯಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ಅದು ಒಳ್ಳೆಯದು. ಆದರೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ, ಪ್ರತಿ ಕ್ಲೇಮಿನಲ್ಲಿ ಒಂದಿಷ್ಟು ದುಡ್ಡು ಕಡ್ಡಾಯವಾಗಿ ನಮ್ಮ ಕೈಯಿಂದಲೇ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದೆ ಶೇಕಡಾ 50ರ ಬೋನಸ್ ಗಳಿಸಿದವರು ಸಣ್ಣ ಗ್ಲಾಸಿಗಾಗಿ ಅದನ್ನು ಕಳೆಯುವ ಮೊದಲು ಕೂಡಿಸಿ ಕಳೆದು ನೋಡಿ.

ಬದಲಿಸುವುದೇ ಆದರೆ ಅವಸರ ಮಾಡಬೇಡಿ. ಹೊಸ ಗ್ಲಾಸನ್ನು ಪಾಲಿಯುರೆಥೇನ್ ಅಂಟಿನಿಂದ ಮೈಗೆ ಕೂರಿಸುತ್ತಾರೆ. ಬಹಳಷ್ಟು ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆನಿಕೊಳ್ಳುವುದು ಈ ಗ್ಲಾಸಿಗೇ. ಅಂಟು ಗಟ್ಟಿಯಾಗದಿದ್ದರೆ ಗ್ಲಾಸೇ ಹೊರಗೆ ಹಾರಬಹುದು. ಗ್ಲಾಸಿನ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಅದನ್ನೂ ಮತ್ತೆ ಹೊಂದಿಸಬೇಕು. ಅಂದ ಹಾಗೆ, ಆ ಅಂಟು ಗಟ್ಟಿಯಾಗುವುದು ಬಿಸಿಲಿಗೆ ಒಣಗಿ ಅಲ್ಲ. ಸಾಮಾನ್ಯವಾಗಿ ಬಳಸುವ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ! ಹಳೆ ಗ್ಲಾಸನ್ನು ಸೀಳಿದ ಕರಾವಳಿಯ ಗಾಳಿಯೇ ಹೊಸದನ್ನು ಬಿಗಿಯುತ್ತದೆ. ಎಷ್ಟು ಗಂಟೆ ಬಿಟ್ಟು ಓಡಿಸಬಹುದು ಎಂದು ಗ್ಯಾರೇಜಿನವರನ್ನು ಕೇಳಿ, ಅಂಟಿನ ಡಬ್ಬಿಯ ಮೇಲೂ ಬರೆದಿರುತ್ತದೆ. ಆ ದಿನ ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿಡಿ. ಎಲ್ಲ ಮುಚ್ಚಿದ ಕಾರಿನ ಬಾಗಿಲನ್ನು ಧಡಾರನೆ ಹಾಕಿದರೆ ಒಳಗಿನ ಗಾಳಿ ಹಸಿ ಅಂಟಿನ ಮೇಲಿರುವ ಗ್ಲಾಸನ್ನು ಹೊರಗೆ ತಳ್ಳುತ್ತದೆ.