ಓದುಗರ ಪ್ರಶ್ನೆ: ಓನೀಲ್ ಮನೆಗೆ ನಮ್ಮ ಕಾರಿನಲ್ಲೇ ಏಕೆ ಹೋಗುವಂತಿಲ್ಲ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿರುವ ನಾಟಕಕಾರ ಯುಜೀನ್ ಓನೀಲ್ ಅವರ ಮನೆ ‘ಟಾವೊ ಹೌಸ್’ ನೋಡಬೇಕೆಂದಿದ್ದೇವೆ. ಫೋನಿನ ಮ್ಯಾಪ್ ದಾರಿ ತೋರಿಸುತ್ತದೆ, ಆದರೆ ಕಾರಿನಲ್ಲಿ ಬರಬೇಡಿ ಎನ್ನುತ್ತಾರೆ. ಸರ್ಕಾರಿ ಸ್ಮಾರಕಕ್ಕೆ ಇದೆಂಥ ನಿಯಮ? ಹೋಗುವುದು ಹೇಗೆ, ಹೋದರೆ ಏನನ್ನು ಗಮನಿಸಬೇಕು?

ಉತ್ತರ: ಮ್ಯಾಪ್ ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದೆ ಅಷ್ಟೆ. ಮನೆ ಸರ್ಕಾರದ್ದು, ಆದರೆ ಅಲ್ಲಿಗೆ ಹತ್ತುವ ರಸ್ತೆ ಸರ್ಕಾರದ್ದಲ್ಲ. ಅದು ಗೇಟು ಹಾಕಿದ ಖಾಸಗಿ ಬಡಾವಣೆಯ ರಸ್ತೆ. ಮ್ಯಾಪ್ ನಂಬಿ ಕುಸ್ ರೋಡ್ ಹಿಡಿದವರು ಆ ಗೇಟಿನ ಎದುರು ಕಾರು ತಿರುಗಿಸಿಕೊಂಡು ಕೆಳಗಿಳಿಯಬೇಕಾಗುತ್ತದೆ. ಅಷ್ಟರಲ್ಲಿ ಪೇಟೆಯಿಂದ ಮನೆಗೆ ಕರೆದೊಯ್ಯುವ ಶಟಲ್ ವ್ಯಾನ್ ಹೊರಟಿರುತ್ತದೆ. ಈ ಸ್ಥಳದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಹಾಗಾಗಿ ಮ್ಯಾಪಿನಲ್ಲಿ ಮನೆಯ ವಿಳಾಸ ಹಾಕಲೇಬೇಡಿ. ‘ಮ್ಯೂಸಿಯಂ ಆಫ್ ದ ಸ್ಯಾನ್ ರಮೋನ್ ವ್ಯಾಲಿ’ ಎಂದು ಹಾಕಿ. ಡ್ಯಾನ್‌ವಿಲ್ ಪೇಟೆಯ ನಡುವೆ, ರೈಲ್‌ರೋಡ್ ಅವೆನ್ಯೂ 205ರಲ್ಲಿರುವ ಹಳೆಯ ರೈಲು ನಿಲ್ದಾಣದ ಕಟ್ಟಡ ಅದು. ಈ ಮನೆಯನ್ನು ನೋಡಿಕೊಳ್ಳುವ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ (ನ್ಯಾಷನಲ್ ಪಾರ್ಕ್ ಸರ್ವೀಸ್) ಶಟಲ್ ವ್ಯಾನ್ ಅಲ್ಲಿಂದಲೇ ಹೊರಡುತ್ತದೆ. ವ್ಯಾನಿಗೂ ಶುಲ್ಕವಿಲ್ಲ, ಮನೆ ನೋಡಲೂ ಶುಲ್ಕವಿಲ್ಲ.

ಭೇಟಿ ಎರಡು ಬಗೆ. ಬುಧವಾರ, ಗುರುವಾರ, ಶುಕ್ರವಾರ ಮತ್ತು ಭಾನುವಾರ ರೇಂಜರ್ (ಉದ್ಯಾನ ಸೇವೆಯ ಸಿಬ್ಬಂದಿ) ಅಥವಾ ಸ್ವಯಂಸೇವಕರು ಜೊತೆಗಿದ್ದು ತೋರಿಸುತ್ತಾರೆ. ಇದಕ್ಕೆ ಮುಂಗಡ ಬುಕಿಂಗ್ ಬೇಕು. ಶನಿವಾರ ಬುಕಿಂಗ್ ಬೇಡ. ಮೊದಲು ಬಂದವರಿಗೆ ವ್ಯಾನಿನಲ್ಲಿ ಜಾಗ, ಮನೆಯನ್ನು ನಿಮ್ಮ ಪಾಡಿಗೆ ನೀವು ನೋಡಬಹುದು. ಸೋಮವಾರ, ಮಂಗಳವಾರ ರಜೆ. ವ್ಯಾನಿನ ವೇಳೆ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಉದ್ಯಾನ ಸೇವೆಯ ಪುಟ ನೋಡಿಕೊಳ್ಳಿ. ಶನಿವಾರವೇ ಸುಲಭ ಎನಿಸುವುದು ಸಹಜ. ಆದರೆ ಅಂದು ಬೆಳಿಗ್ಗೆ ಅದೇ ರೈಲ್‌ರೋಡ್ ಅವೆನ್ಯೂ ಬದಿಯಲ್ಲಿ ರೈತರ ಸಂತೆ ನಡೆಯುತ್ತದೆ, ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ವ್ಯಾನ್ ತಪ್ಪಿಹೋಗುವ ಸಂಭವವಿದೆ. ಅರ್ಧ ಗಂಟೆ ಮೊದಲೇ ಬನ್ನಿ. ಪಾರ್ಕಿಂಗ್ ಫಲಕದಲ್ಲಿ ಎಷ್ಟು ಗಂಟೆಯ ಮಿತಿ ಇದೆ ಎಂಬುದನ್ನೂ ಓದಿ. ಹೋಗಿ ಬರುವುದೂ ಸೇರಿ ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಮೊದಲ ಸಲ ಹೋಗುವವರಿಗೆ ನಮ್ಮ ಸಲಹೆ ಬುಕಿಂಗ್ ಮಾಡಿದ ವಾರದ ದಿನವೇ. ಈ ಮನೆ ತಾನಾಗಿ ಹೆಚ್ಚು ಮಾತಾಡುವುದಿಲ್ಲ, ಹೇಳುವವರು ಪಕ್ಕದಲ್ಲಿರಬೇಕು.

ಮೇಲೆ ತಿಂಡಿ ಸಿಗುವುದಿಲ್ಲ. ಬೇಸಿಗೆಯಲ್ಲಿ ಒಳನಾಡಿನ ಈ ಕಣಿವೆ ಸ್ಯಾನ್ ಫ್ರಾನ್ಸಿಸ್ಕೊದಂತೆ ತಣ್ಣಗಿರದೆ ಸುಡುತ್ತದೆ, ನೀರು ಒಯ್ಯಿರಿ. ಮುಖ್ಯವಾದ ಕೋಣೆಗಳು ಮಹಡಿಯ ಮೇಲಿವೆ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಬುಕಿಂಗ್ ಮಾಡುವಾಗಲೇ ತಿಳಿಸಿ.

ಇನ್ನು ಏನು ನೋಡಬೇಕು ಎಂಬುದು. ಒಂದೇ ಮಾತಿನಲ್ಲಿ ಹೇಳುವುದಾದರೆ, ಬಾಗಿಲುಗಳನ್ನು ನೋಡಿ. ಊರಿನವರು ಈಗ ನಿಮ್ಮನ್ನು ಗೇಟಿನಾಚೆ ನಿಲ್ಲಿಸುತ್ತಾರೆಂದು ಬೇಸರವಾಗಬಹುದು, ಆದರೆ ಓನೀಲ್ ದಂಪತಿ ಈ ಮನೆ ಕಟ್ಟಿಸಿದ್ದೇ ಜನರನ್ನು ದೂರ ಇಡಲು. 1936ರ ನೊಬೆಲ್ ಬಹುಮಾನ ಬಂದಾಗ ಓನೀಲ್ ಓಕ್ಲೆಂಡ್‌ನ ಆಸ್ಪತ್ರೆಯಲ್ಲಿದ್ದರು, ಪದಕವೂ ಅಲ್ಲಿಗೇ ಬಂತು. ಆ ಹಣದ ನೆರವಿನಿಂದ 1937ರಲ್ಲಿ ಲಾಸ್ ಟ್ರಾಂಪಸ್ ಬೆಟ್ಟದ ಇಳಿಜಾರಿನಲ್ಲಿ 158 ಎಕರೆ ಕೊಂಡು ಮನೆ ಕಟ್ಟಿಸಿದರು. ನ್ಯೂಯಾರ್ಕ್‌ನ ಹೋಟೆಲ್ ಕೋಣೆಯಲ್ಲಿ ಹುಟ್ಟಿ, ನಟ ತಂದೆಯ ಹಿಂದೆ ಊರೂರು ಅಲೆದವರು ಅವರು. ಇಲ್ಲಿ 1944ರವರೆಗೆ ನಿಂತರು.

ಹೊರಗಿನಿಂದ ಬಿಳಿ ಗೋಡೆಯ ಸ್ಪ್ಯಾನಿಷ್ ಮನೆ. ಮಣ್ಣಿನ ಇಟ್ಟಿಗೆಯಂತೆ ಕಾಣುವ ಗೋಡೆಗಳು ಕಾಂಕ್ರೀಟಿನವು, ದಪ್ಪನೆಯವು. ಒಳಗೆ ಕಾಲಿಟ್ಟರೆ ಚೀನಾದ ಛಾಯೆ: ಕೆಂಪು ಬಾಗಿಲು, ಗಾಢ ನೀಲಿ ಚಾವಣಿ, ಮುಖ ಮಂಕಾಗಿ ಕಾಣುವ ಕಪ್ಪುಬಣ್ಣದ ಕನ್ನಡಿ. ಈ ಕನ್ನಡಿಗಳ ಮುಂದೆ ಒಂದು ನಿಮಿಷ ನಿಲ್ಲಿ, ಮನೆಯ ಸ್ವಭಾವ ಅಲ್ಲೇ ಅರ್ಧ ತಿಳಿಯುತ್ತದೆ. ಒಳಾಲಂಕಾರದ ಹೊಣೆ ಪತ್ನಿ ಕಾರ್ಲೊಟಾ ಮಾಂಟೆರೆ ಅವರದ್ದಾಗಿತ್ತು.

ಮಹಡಿಯಲ್ಲಿ ಓನೀಲ್ ಬರೆಯುತ್ತಿದ್ದ ಕೋಣೆಗೆ ನೇರ ದಾರಿಯಿಲ್ಲ. ಮಲಗುವ ಕೋಣೆ ಹೊಕ್ಕು, ಬಟ್ಟೆಯ ಕೋಣೆ ದಾಟಿ, ಮೂರು ಬಾಗಿಲು ಕಳೆದ ಮೇಲೆ ಬರೆಯುವ ಮೇಜು. ಪ್ರತಿ ಹೊಸ್ತಿಲಲ್ಲೂ ಸದ್ದು ಎಷ್ಟು ಕಡಿಮೆಯಾಗುತ್ತದೆಂದು ಕಿವಿಗೊಟ್ಟು ನೋಡಿ. ಫೋಟೊದಲ್ಲಿ ಇದು ಸಿಗುವುದಿಲ್ಲ. ‘ದ ಐಸ್‌ಮನ್ ಕಮೆತ್’, ‘ಲಾಂಗ್ ಡೇಸ್ ಜರ್ನಿ ಇಂಟು ನೈಟ್’, ‘ಎ ಮೂನ್ ಫಾರ್ ದ ಮಿಸ್‌ಬಿಗಾಟನ್’ ಹುಟ್ಟಿದ್ದು ಈ ಮನೆಯಲ್ಲಿ. ಬರೆಯುತ್ತಿದ್ದುದು ಪೆನ್ಸಿಲಿನಿಂದ. ಕೈ ನಡುಗುತ್ತ ಹೋದಂತೆ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದಾಯಿತು, ಕಾರ್ಲೊಟಾ ಭೂತಗನ್ನಡಿ ಹಿಡಿದು ಟೈಪ್ ಮಾಡುತ್ತಿದ್ದರು. ಹಸ್ತಪ್ರತಿಯ ಪ್ರತಿ ಪ್ರದರ್ಶನಕ್ಕಿದ್ದರೆ ಓದಲು ಹೋಗದೆ ಸಾಲುಗಳನ್ನು ಎಣಿಸಿ. ಹೇಳಿ ಬರೆಸಲು ಓನೀಲ್ ಅವರಿಂದ ಆಗಲಿಲ್ಲ, ಕೈ ನಿಂತಾಗ ನಾಟಕವೂ ನಿಂತಿತು. ಯುದ್ಧಕಾಲದಲ್ಲಿ ಕೆಲಸದವರು ಸಿಗದಾದರು, ಬೆಟ್ಟದ ಮೇಲೆ ಇಬ್ಬರೇ ಇರುವುದು ಕಷ್ಟವಾಗಿ ಮನೆ ಮಾರಿದರು.

ಮಾರುವಾಗ ಸಾಮಾನೂ ಚದುರಿತು. ಹಾಗಾಗಿ ನೀವು ನೋಡುವ ಪೀಠೋಪಕರಣದಲ್ಲಿ ಎಲ್ಲವೂ ಅವರು ಬಳಸಿದ್ದಲ್ಲ. ಹಳೆಯ ಫೋಟೊಗಳನ್ನು ನೋಡಿ ಹೊಂದಿಸಿದ ಅದೇ ಬಗೆಯ ವಸ್ತುಗಳೂ ಸೇರಿವೆ. ಇದು ಕೊರತೆಯೆಂದು ನಮಗನಿಸುವುದಿಲ್ಲ, ಏಕೆಂದರೆ ಇಲ್ಲಿ ಅಸಲಿಯಾಗಿ ಉಳಿದಿರುವುದು ಗೋಡೆ, ಬಾಗಿಲು, ಕಿಟಕಿಯಾಚೆಯ ಕಣಿವೆ ಮತ್ತು ಮೌಂಟ್ ಡಯಾಬ್ಲೊ. ಆದರೂ ಯಾವುದು ಮೂಲದ್ದು ಎಂದು ಪ್ರತಿ ಕೋಣೆಯಲ್ಲೂ ರೇಂಜರ್ ಅವರನ್ನು ಕೇಳಿ. ಸಂಕೋಚ ಬೇಡ.

ಅಂಗಳದಲ್ಲಿ ಇಟ್ಟಿಗೆಯ ಕಾಲುದಾರಿ ಸೊಟ್ಟಂಪಟ್ಟ ತಿರುಗುತ್ತದೆ. ದುಷ್ಟಶಕ್ತಿಗಳು ನೇರವಾಗಿ ಮಾತ್ರ ನಡೆಯುತ್ತವೆ ಎಂಬ ಚೀನೀ ನಂಬಿಕೆಗೆ ತಕ್ಕಂತೆ ಮಾಡಿದ್ದು. ಜಾಗದ ಒಂದು ಬದಿಗೆ ಅವರ ಡಾಲ್ಮೇಷಿಯನ್ ನಾಯಿ ಬ್ಲೆಮಿಯ ಸಮಾಧಿಯಿದೆ. ಅದು 1940ರ ಡಿಸೆಂಬರಿನಲ್ಲಿ ಸತ್ತಿತು. ಆ ಹೊತ್ತಿನಲ್ಲೇ ಓನೀಲ್ ನಾಯಿಯ ಹೆಸರಿನಲ್ಲೇ ಒಂದು ಉಯಿಲು ಬರೆದರು. ವ್ಯಾನ್ ಹೊರಡುವ ಅವಸರದಲ್ಲಿ ಹೆಚ್ಚಿನವರು ಇದನ್ನು ನೋಡದೆ ಬರುತ್ತಾರೆ. ಹಳೆಯ ಕೊಟ್ಟಿಗೆಯಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಓನೀಲ್ ಉತ್ಸವದ ನಾಟಕಕ್ಕೆ ಮಾತ್ರ ಬೇರೆ ಟಿಕೆಟ್ ಬೇಕು.

ಕೊನೆಗೊಂದು ಎಚ್ಚರಿಕೆ. ‘ಲಾಂಗ್ ಡೇಸ್ ಜರ್ನಿ’ ನಾಟಕದ ಆ ಬೈಠಕ್‌ಖಾನೆ ನೋಡಲೆಂದು ಇಲ್ಲಿಗೆ ಬರುವವರಿದ್ದಾರೆ. ನಾಟಕ ಬರೆದದ್ದು ಇಲ್ಲಿ, ಅದು ನಡೆಯುವ ಮನೆ ಓನೀಲ್ ಬಾಲ್ಯದ ಬೇಸಿಗೆಗಳನ್ನು ಕಳೆದ ‘ಮಾಂಟೆ ಕ್ರಿಸ್ಟೊ ಕಾಟೇಜ್’. ಅದೂ ವಸ್ತುಸಂಗ್ರಹಾಲಯವೇ, ಆದರೆ ಇರುವುದು ದೇಶದ ಇನ್ನೊಂದು ತುದಿಯ ಕನೆಟಿಕಟ್ ರಾಜ್ಯದ ನ್ಯೂ ಲಂಡನ್‌ನಲ್ಲಿ. ಬುಕಿಂಗ್ ಮಾಡುವ ಮೊದಲು ರಾಜ್ಯದ ಹೆಸರನ್ನೊಮ್ಮೆ ಓದಿಕೊಳ್ಳಿ.