‘ಬಿಟರ್ ಎಂಡ್’: ಲಂಗರಿನ ಸರಪಳಿಯ ಒಳತುದಿ

ಹೋರಾಟವನ್ನು ‘ಟು ದ ಬಿಟರ್ ಎಂಡ್’ ನಡೆಸುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಎಷ್ಟೇ ಕಷ್ಟನಷ್ಟವಾದರೂ ನಡುವೆ ಕೈಬಿಡದೆ ಕಡೆ ಮುಟ್ಟಿಸುತ್ತೇವೆ ಎಂದರ್ಥ. ‘ಬಿಟರ್’ ಎಂದರೆ ಕಹಿ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಈ ಮಾತಿನ ಹುಟ್ಟನ್ನು ಯಾರೂ ಹುಡುಕಲು ಹೋಗುವುದಿಲ್ಲ. ಸರಕು ಹಡಗಿನಲ್ಲಿ ಅಧಿಕಾರಿಯಾಗಿ ದುಡಿದ ನನ್ನಂಥವರಿಗೆ ಮಾತ್ರ ಬಿಟರ್ ಎಂಡ್ ಎನ್ನುವುದು ಕೈಯಿಂದ ಮುಟ್ಟಿ ತೋರಿಸಬಹುದಾದ ವಸ್ತು. ಲಂಗರನ್ನು ನೀರಿಗಿಳಿಸಿದಾಗ ಹಡಗಿನೊಳಗೇ ಉಳಿಯುವ ಸರಪಳಿಯ ತುದಿ ಅದು.

ಹಾಯಿಹಡಗುಗಳ ಕಾಲದಲ್ಲಿ ಲಂಗರಿಗೆ ಕಟ್ಟುತ್ತಿದ್ದುದು ನಾರಿನ ದಪ್ಪ ಹಗ್ಗ. ಹಡಗಿನ ಮುಂಭಾಗದಲ್ಲಿ ಭದ್ರವಾಗಿ ನಿಲ್ಲಿಸಿದ ಗಟ್ಟಿ ಮರದ ಜೋಡಿಗೂಟಗಳಿಗೆ ‘ಬಿಟ್ಸ್’ ಎಂದು ಹೆಸರು. ಹಗ್ಗವನ್ನು ಅವುಗಳಿಗೆ ಸುತ್ತಿ, ಆ ಸುತ್ತಿನ ಬಿಗಿಯಿಂದಲೇ ಹಿಡಿತ ಕಾಯ್ದುಕೊಂಡು, ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಬಿಡುತ್ತಿದ್ದರು. ಅಮೆರಿಕದ ವರ್ಜೀನಿಯಾ ವಸಾಹತಿನಿಂದ ಹೆಸರಾದ ಕ್ಯಾಪ್ಟನ್ ಜಾನ್ ಸ್ಮಿತ್, 1627ರಲ್ಲಿ ಪ್ರಕಟಿಸಿದ ನಾವಿಕರ ಕೈಪಿಡಿಯಲ್ಲಿ, ಗೂಟಕ್ಕೆ ಹಾಕಿದ ಹಗ್ಗದ ಸುತ್ತನ್ನು ‘ಬಿಟರ್’ ಎಂದೂ ಹಡಗಿನೊಳಗೆ ಉಳಿಯುವ ಹಗ್ಗದ ಭಾಗವನ್ನು ‘ಬಿಟರ್ಸ್ ಎಂಡ್’ ಎಂದೂ ವಿವರಿಸಿದ್ದಾನೆ. ಹಗ್ಗ ಆ ತುದಿಯವರೆಗೂ ಹೊರಕ್ಕೆ ಹೋಯಿತೆಂದರೆ ಮುಂದೆ ಬಿಡಲು ಏನೂ ಉಳಿದಿಲ್ಲ. 1867ರಲ್ಲಿ ಹೊರಬಂದ ಅಡ್ಮಿರಲ್ ವಿಲಿಯಂ ಹೆನ್ರಿ ಸ್ಮಿತ್ ಎಂಬ ಬೇರೊಬ್ಬರ ನಾವಿಕ ನಿಘಂಟು ಕೂಡ ಇದನ್ನೇ ಹೇಳುತ್ತದೆ.

ಗೂಟ ಹೋಗಿ ಲಂಗರನ್ನು ಇಳಿಸಿ ಎತ್ತುವ ವಿಂಡ್‌ಲಾಸ್ ಯಂತ್ರ ಬಂದಿದೆ, ಹಗ್ಗದ ಜಾಗಕ್ಕೆ ಉಕ್ಕಿನ ಸರಪಳಿ ಬಂದಿದೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ. ಸರಪಳಿಯನ್ನು ನಾವು ಶ್ಯಾಕಲ್ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಶ್ಯಾಕಲ್ ಎಂದರೆ 27.5 ಮೀಟರ್. ಪ್ರತಿ ಶ್ಯಾಕಲ್ ಕೂಡುವ ಕಡೆ ಕೊಂಡಿಗಳಿಗೆ ಬಣ್ಣ ಬಳಿದಿರುತ್ತದೆ, ಅದನ್ನು ನೋಡಿ ಎಷ್ಟು ಹೊರಗೆ ಹೋಯಿತೆಂದು ಹಡಗನ್ನು ನಡೆಸುವ ಕೋಣೆಯಾದ ಬ್ರಿಡ್ಜ್‌ಗೆ ಕೂಗಿ ಹೇಳುತ್ತೇವೆ. ಕೊನೆಯ ಕೊಂಡಿಯನ್ನು, ಸರಪಳಿ ತುಂಬಿಡುವ ಕೋಣೆಯಾದ ಚೈನ್ ಲಾಕರ್‌ನ ಗೋಡೆಗೆ ಪಿನ್ನಿನಿಂದ ಬಂಧಿಸಿರುತ್ತಾರೆ, ಆ ಪಿನ್ನನ್ನು ಲಾಕರ್‌ನ ಹೊರಗಿನಿಂದಲೇ ಕಳಚುವ ವ್ಯವಸ್ಥೆಯೂ ಇರುತ್ತದೆ. ಬಿರುಗಾಳಿಯಲ್ಲಿ ಲಂಗರನ್ನು ಮೇಲೆತ್ತಲು ಸಮಯವಿಲ್ಲದಿದ್ದರೆ, ಹಡಗನ್ನೂ ಜನರನ್ನೂ ಉಳಿಸಿಕೊಳ್ಳಲು ಸರಪಳಿ ಸಮೇತ ಲಂಗರನ್ನೇ ಸಮುದ್ರಕ್ಕೆ ಬಿಟ್ಟುಕೊಡಬೇಕಾಗುತ್ತದೆ. ಬ್ರೇಕ್ ಹಿಡಿಯದೆ ಸರಪಳಿ ಓಡತೊಡಗಿದರೆ ಮಾತ್ರ ಆ ಪಿನ್ನು ತಡೆದೀತೆಂದು ನಂಬಿ ಯಾರೂ ಹತ್ತಿರ ನಿಲ್ಲಕೂಡದು. ಅಷ್ಟು ಭಾರದ ಎಳೆತಕ್ಕೆ ಅದು ಕಿತ್ತುಬರುತ್ತದೆ.

ಹಾಗಾದರೆ ಕಹಿಗೂ ಈ ನುಡಿಗಟ್ಟಿಗೂ ಸಂಬಂಧವೇ ಇಲ್ಲವೇ? 1611ರ ಇಂಗ್ಲಿಷ್ ಬೈಬಲಿನ ಜ್ಞಾನೋಕ್ತಿಗಳಲ್ಲಿ, ಐದನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ, ಪರಸ್ತ್ರೀಯ ಸಹವಾಸದ ಕೊನೆ ಕಹಿ ಎಂಬ ಮಾತಿದೆ. ನುಡಿಗಟ್ಟು ಹುಟ್ಟಿದ್ದು ಅಲ್ಲಿಂದಲೇ ಎನ್ನುವ ವಿದ್ವಾಂಸರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ‘ಇನ್ನು ಮುಂದಿಲ್ಲ’ ಎಂಬ ಅರ್ಥ ಹಡಗಿನಿಂದ ಬಂದಿದೆ, ಸಂಕಟದ ಛಾಯೆಯನ್ನು ಬೈಬಲಿನ ಮಾತು ಸೇರಿಸಿದೆ. ಇಂದಿನ ಬಳಕೆಯಲ್ಲಿ ಈ ಛಾಯೆಯೇ ಮುಂದಾಗಿರುವುದರಿಂದ, ಗೆಳೆಯರ ಮದುವೆಯಲ್ಲಿ ಕೊನೆಯವರೆಗೂ ಇದ್ದೆವು ಎನ್ನಲು ಈ ಮಾತನ್ನು ಬಳಸಿದರೆ, ಬೇಸರ ನುಂಗಿಕೊಂಡು ಕುಳಿತಿದ್ದೆವು ಎಂದೇ ಕೇಳುವವರು ತಿಳಿಯುತ್ತಾರೆ.